ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ: ದೂರ, ಸಮಯ ಲೆಕ್ಕ ಹಾಕುವ ನನ್ನ ಕ್ರಮ

ತಮ್ಮ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಅಪ್ಪ ಅಮ್ಮನ ಟಿಕೆಟ್ ನೋಡುವ ಕೆಲಸ ನನ್ನದು. ಎಷ್ಟು ದೂರ, ಎಷ್ಟು ಹೊತ್ತು ಕೂರಬೇಕು ಎಂದು ಅಮ್ಮ ಕೇಳಿಯೇ ಕೇಳುತ್ತಾರೆ. ಹಾಗಾಗಿ ನಾನೇ ಲೆಕ್ಕ ಹಾಕುವುದನ್ನು ರೂಢಿ ಮಾಡಿಕೊಂಡೆ.

ದೂರಕ್ಕೆ ಗೋಡೆಯ ನಕ್ಷೆ ಬೇಡ, ಗ್ಲೋಬ್ ಬೇಕು. 30 ಸೆಂಟಿಮೀಟರ್ ಅಗಲದ ಗ್ಲೋಬಿನ ಸುತ್ತಳತೆ ಸುಮಾರು 94 ಸೆಂಟಿಮೀಟರ್. ಭೂಮಿಯದು ಸುಮಾರು 40,000 ಕಿಲೋಮೀಟರ್. ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದರೆ 33 ಸೆಂಟಿಮೀಟರ್ ಬರುತ್ತದೆ. ಅಂದರೆ 14,000 ಕಿಲೋಮೀಟರ್. ಅಕ್ಷಾಂಶ, ರೇಖಾಂಶ ಹಾಕಿ ಸೂತ್ರದಿಂದ ಲೆಕ್ಕ ಮಾಡಿದರೂ ಹೆಚ್ಚು ಕಡಿಮೆ ಅಷ್ಟೇ.

ದಾರ ಹೋಗುವ ಜಾಗ ನೋಡಿ ಖುಷಿಯಾಯಿತು. ಯುರೋಪೂ ಇಲ್ಲ, ಪೆಸಿಫಿಕ್ ಸಾಗರದ ನಡುಭಾಗವೂ ಇಲ್ಲ. ನೇಪಾಳ, ಟಿಬೆಟ್, ಸೈಬೀರಿಯಾ ದಾಟಿ, 71 ಡಿಗ್ರಿ ಉತ್ತರದವರೆಗೆ ಏರಿ, ಅಲಾಸ್ಕಾ ಮೇಲಿಂದ ಇಳಿಯುತ್ತದೆ! ಆದರೆ ವಿಮಾನ ಸಾಮಾನ್ಯವಾಗಿ ಈ ಗೆರೆಯ ಮೇಲೇ ಹೋಗುವುದಿಲ್ಲ. ಕ್ಯಾಬಿನ್ನಿನಲ್ಲಿ ಗಾಳಿಯ ಒತ್ತಡ ಕಡಿಮೆಯಾದರೆ ಸುಮಾರು ಮೂರು ಕಿಲೋಮೀಟರ್ ಎತ್ತರಕ್ಕೆ ಬೇಗ ಇಳಿಯಬೇಕು. ಟಿಬೆಟ್ಟಿನ ನೆಲವೇ ಅದಕ್ಕಿಂತ ಎತ್ತರ, ಇಳಿಯುವುದೆಲ್ಲಿ? ಅದಕ್ಕೇ ಹೆಚ್ಚಿನ ವಿಮಾನಗಳು ಟಿಬೆಟ್ಟಿನ ಮೇಲೆ ಹೋಗದೆ ಸುತ್ತು ಹಾಕಿಕೊಂಡು ಹೋಗುತ್ತವೆ.

ಗಾಳಿಯದ್ದೂ ಲೆಕ್ಕವಿದೆ. ಎತ್ತರದಲ್ಲಿ ಜೆಟ್ ಸ್ಟ್ರೀಮ್ ಎಂಬ ಜೋರು ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ದಾರಿ ಸ್ವಲ್ಪ ಉದ್ದವಾದರೂ ಪೆಸಿಫಿಕ್ ಕಡೆಯಿಂದ ಹೋದರೆ ಅದು ಹಿಂದಿನಿಂದ ತಳ್ಳುತ್ತದೆ. ವಾಪಸ್ ಬರುವಾಗ ಅದೇ ಗಾಳಿ ಎದುರಾಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನೇರವಾಗಿ ಬಂದಾಗ ಉತ್ತರ ಧ್ರುವದ ದಾರಿ ಹಿಡಿದಿತ್ತು.

ಸಮಯಕ್ಕೆ ಗಂಟೆಗೆ 900 ಕಿಲೋಮೀಟರ್ ಎಂದು ಹಿಡಿಯುತ್ತೇನೆ. ಹದಿನೈದೂವರೆ ಗಂಟೆ. ಏರುವುದಕ್ಕೆ, ಇಳಿಯುವುದಕ್ಕೆ ಅರ್ಧ ಗಂಟೆ ಸೇರಿಸಿ ಹದಿನಾರು. ವಾಪಸ್ ಬರುವಾಗ ಇನ್ನೊಂದು ಗಂಟೆ ಜಾಸ್ತಿ ಇಟ್ಟುಕೊಳ್ಳುತ್ತೇನೆ.

ಟಿಕೆಟ್ಟಿನ ಮೇಲೆ ಇರುವುದು ಆಯಾ ಊರಿನ ಸಮಯ. ಸುಮ್ನೆ ಕಳೆದರೆ ಲೆಕ್ಕ ತಪ್ಪುತ್ತದೆ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದವರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಹನ್ನೆರಡೂವರೆ. ಜನವರಿಯಲ್ಲಿ ಮಧ್ಯಾಹ್ನ ಎರಡಕ್ಕೆ ಇಲ್ಲಿಂದ ನೇರವಾಗಿ ಹೊರಟರೆ, ಅಲ್ಲಿ ಅದೇ ದಿನ ಸಂಜೆ ನಾಲ್ಕೂವರೆ. ಅಮ್ಮನಿಗೆ ನಾನು ಹೇಳುವುದು ಹದಿನಾರು ಗಂಟೆ, ಎರಡೂವರೆಯಲ್ಲ. ಮಾತ್ರೆಗಳ ಹೊತ್ತನ್ನೂ ಆ ಹದಿನಾರರ ಮೇಲೆಯೇ ಬರೆದುಕೊಡುತ್ತೇನೆ.

ನಡುವೆ ಇಳಿದು ಹತ್ತುವುದಾದರೆ ಎರಡು ಹಾರಾಟದ ದೂರವನ್ನೂ ಕೂಡಿಸಬೇಕು. ಫ್ರಾಂಕ್‌ಫರ್ಟ್ ಮೇಲಿಂದ ಅದು ಸುಮಾರು 16,500 ಕಿಲೋಮೀಟರ್. ಆದರೆ ವಯಸ್ಸಾದವರಿಗೆ ಮಧ್ಯೆ ಎದ್ದು ಓಡಾಡಲು ಸಿಗುತ್ತದೆ ಅಲ್ವಾ? ನನಗೆ ಆ ದಾರಿಯೇ ಇಷ್ಟ. ಬದಲಿ ವಿಮಾನಕ್ಕೆ ಮೂರು ಗಂಟೆಯಾದರೂ ಇರಬೇಕು, ವೀಲ್‌ಚೇರ್ ಮೊದಲೇ ಬುಕ್ ಆಗಿರಬೇಕು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಮಿಗ್ರೇಷನ್, ಲಗೇಜ್ ಮುಗಿಯಲು ಹೊತ್ತು ಹಿಡಿಯುವುದರಿಂದ, ವಿಮಾನ ಇಳಿದ ಒಂದೂವರೆ ಗಂಟೆಯ ನಂತರದ ಸಮಯವನ್ನೇ ತಮ್ಮನಿಗೆ ಕೊಡುತ್ತೇನೆ.