ಗಾಡಿಯ ನಟ್ಟು ಬಿಚ್ಚಲು ಬ್ಯಾಟರಿ ಗನ್: ಕೊಳ್ಳುವ ಮೊದಲು ಏನೇನು ನೋಡಬೇಕು?

ಇಡೀ ಮಳೆಗಾಲ ನೆನೆದ ಪಿಕಪ್‌ನ ಚಕ್ರದ ನಟ್ಟು ಸುಲಭಕ್ಕೆ ಬಗ್ಗುವುದಿಲ್ಲ. ವೀಲ್ ಸ್ಪಾನರ್ ಮೇಲೆ ಹತ್ತಿ ತುಳಿದರೂ ಅಲ್ಲೇ ಕೂತಿರುತ್ತದೆ. ಉಪ್ಪಳ, ಕುಂಬಳೆ ಕಡೆಯ ಗಾಡಿಗಳಿಗೆ ಕಡಲಿನ ಉಪ್ಪುಗಾಳಿಯೂ ತಾಗುವುದರಿಂದ ತುಕ್ಕು ಇನ್ನೂ ಜಾಸ್ತಿ. ಟಯರ್ ಅಂಗಡಿಯಲ್ಲಿರುವ ಏರ್ ಗನ್‌ಗೆ ಕಂಪ್ರೆಸರ್ ಬೇಕು, ಕರೆಂಟ್ ಬೇಕು. ಮನೆಯಂಗಳದಲ್ಲೇ ಗಾಡಿ ನೋಡಿಕೊಳ್ಳುವವರಿಗೆ ಬ್ಯಾಟರಿಯ ಇಂಪ್ಯಾಕ್ಟ್ ರೆಂಚ್, ಅಂದರೆ ಪೆಟ್ಟು ಕೊಡುತ್ತಾ ನಟ್ಟು ತಿರುಗಿಸುವ ಗನ್, ಒಳ್ಳೆಯ ದಾರಿ. ಆದರೆ ಸರಿಯಾದದ್ದನ್ನೇ ಆರಿಸಬೇಕು.

ಮೊದಲು ಗಾಡಿ ನೋಡಿ, ಆಮೇಲೆ ಅಂಗಡಿಗೆ ಹೋಗಿ. ಚಕ್ರದ ನಟ್ಟನ್ನು ಎಷ್ಟು ಬಿಗಿ ಮಾಡಬೇಕು ಎಂದು ಗಾಡಿಯ ಪುಸ್ತಕದಲ್ಲಿ ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ) ಲೆಕ್ಕದಲ್ಲಿ ಬರೆದಿರುತ್ತದೆ. ಚಿಕ್ಕ ಪಿಕಪ್‌ಗಳಿಗೆ ಸಾಮಾನ್ಯವಾಗಿ 100ರಿಂದ 150. ಕೆಂಪುಕಲ್ಲು ಹೊರುವ, ಚಕ್ರಕ್ಕೆ ಹತ್ತು ಸ್ಟಡ್ (ನಟ್ಟು ಕೂರುವ ಬೋಲ್ಟು) ಇರುವ ದೊಡ್ಡ ಲಾರಿಗೆ 500–600 ಆಗಬಹುದು. ತುಕ್ಕು ಹಿಡಿದ ನಟ್ಟು ಬಿಚ್ಚಲು ಇದಕ್ಕಿಂತ ಎಷ್ಟೋ ಜಾಸ್ತಿ ಬಲ ಬೇಕು. ಹಾಗಾಗಿ ಬಿಗಿತದ ಎರಡು ಮೂರು ಪಟ್ಟು ಬಲ ಇರುವ ಗನ್ ಹುಡುಕಿ.

ಪೆಟ್ಟಿಗೆಯ ಮೇಲೆ ಎರಡು ಸಂಖ್ಯೆ ಇರುತ್ತವೆ, ಒಂದು ಬಿಗಿ ಮಾಡುವ ಬಲ, ಇನ್ನೊಂದು ಬಿಚ್ಚುವ ಬಲ. ಮಕಿಟಾದ ಡಿಟಿಡಬ್ಲ್ಯು300ಕ್ಕೆ 330 ಮತ್ತು 580. ಅದೇ ಕಂಪನಿಯ ಡಿಟಿಡಬ್ಲ್ಯು1002ಕ್ಕೆ 1,000 ಮತ್ತು 1,600. ಪಿಕಪ್‌ಗೆ ಮೊದಲನೆಯದು ಧಾರಾಳ ಸಾಕು. ಎರಡನೆಯದು ಕೈಗೆ ಭಾರ, ಬೆಲೆಯೂ ಜಾಸ್ತಿ. ಲಾರಿ ಇದ್ದವರು ಮಾತ್ರ ಅದರ ಕಡೆ ನೋಡಲಿ. ಒಂದೇ ಸಂಖ್ಯೆ ಬರೆದಿದ್ದರೆ ಅದು ಯಾವ ಬಲ ಎಂದು ಕೇಳಿಯೇ ಮುಂದುವರಿಯಿರಿ.

ವೋಲ್ಟ್ ನೋಡಿ ಮರುಳಾಗಬೇಡಿ. ಇಲ್ಲೇ ಜನ ಜಾಸ್ತಿ ಮೋಸಹೋಗುವುದು. ಒಳಗೆ 3.6 ವೋಲ್ಟಿನ ಐದು ಸೆಲ್ ಸಾಲಾಗಿದ್ದರೆ 18 ವೋಲ್ಟ್. ಪೂರ್ತಿ ಚಾರ್ಜ್ ಆದಾಗ ಅದೇ ಸೆಲ್ 4.2 ತೋರಿಸುತ್ತದೆ, ಐದಕ್ಕೆ 21. ಅಂದರೆ 18, 20, 21 ಎಂದು ಬರೆದ ಗನ್‌ಗಳ ಬ್ಯಾಟರಿ ಸಾಮಾನ್ಯವಾಗಿ ಒಂದೇ ಜಾತಿಯದು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ‘88’, ‘128’ ಎಂಬ ಬರಹದ ಗನ್‌ಗಳಲ್ಲೂ ಹೆಚ್ಚಾಗಿ ಇರುವುದು ಅದೇ ಐದರ ಸಾಲು. ಆ ಸಂಖ್ಯೆಗೆ ದುಡ್ಡು ಕೊಡಬೇಡಿ. ಬದಲಿಗೆ ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂದು ಹೇಳುವ ಆಂಪಿಯರ್-ಅವರ್ ನೋಡಿ, 4 ಅಥವಾ 5 ಇರಲಿ. 2ರ ಚಿಕ್ಕ ಬ್ಯಾಟರಿ ಬೇಗ ಮುಗಿಯುವುದಷ್ಟೇ ಅಲ್ಲ, ದೊಡ್ಡ ಗನ್‌ಗೆ ಬೇಕಾದಷ್ಟು ಕರೆಂಟನ್ನೂ ಕೊಡಲಾರದು. ಮೋಟಾರು ಬ್ರಷ್‌ಲೆಸ್ (ಒಳಗೆ ಸವೆಯುವ ಕಾರ್ಬನ್ ಬ್ರಷ್ ಇಲ್ಲದ್ದು) ಆಗಿರಲಿ. ರಿಪೇರಿ ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಆಗುತ್ತದೆಯಾ ಎಂದೂ ವಿಚಾರಿಸಿ.

ಸಾಕೆಟ್ (ನಟ್ಟಿನ ಮೇಲೆ ಕೂರುವ ಬಟ್ಟಲು) ಸಿಕ್ಕಿಸುವ ಗನ್‌ನ ಚೌಕ ಮೂತಿ ಪಿಕಪ್‌ಗೆ ಅರ್ಧ ಇಂಚಿನದು ಸಾಕು, ದೊಡ್ಡ ಲಾರಿಗೆ ಮುಕ್ಕಾಲು ಇಂಚು ಒಳ್ಳೆಯದು. ಸಾಕೆಟ್ ಮಾತ್ರ ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್ಟೇ ಆಗಬೇಕು, ಆರು ಮೂಲೆಯದು. ಮನೆಯಲ್ಲಿರುವ ಹೊಳೆಯುವ ಕ್ರೋಮ್ ಸಾಕೆಟ್ ಹಾಕಿದರೆ ಗನ್‌ನ ಹೊಡೆತಕ್ಕೆ ಅದು ಸೀಳಿ ಚೂರು ಹಾರಬಹುದು. ಕಣ್ಣಿಗೆ ಕನ್ನಡಕ ಇರಲಿ.

ಇನ್ನು ಕೆಲಸ. ನೀರು ಕುಡಿದ ಕೆಂಪು ಮಣ್ಣಿನಲ್ಲಿ ಜಾಕ್ ಹೂತುಹೋಗುತ್ತದೆ. ಅಡಿಗೆ ದಪ್ಪ ಹಲಗೆ ಕೊಡಿ, ಉಳಿದ ಚಕ್ರಗಳಿಗೆ ಕಲ್ಲು ಒತ್ತಿಡಿ. ಗನ್ ಐದಾರು ಸೆಕೆಂಡು ಟಕಟಕ ಎಂದರೂ ನಟ್ಟು ಕದಲದಿದ್ದರೆ ಸುಮ್ನೆ ಒತ್ತಬೇಡಿ. ತುಕ್ಕು ಸಡಿಲಿಸುವ ಎಣ್ಣೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಿಡಿಯಿರಿ. ಕೆಲವು ಹಳೆಯ ಲಾರಿಗಳ ಎಡಬದಿಯ ನಟ್ಟು ಉಲ್ಟಾ ತಿರುಗುತ್ತದೆ, ಸ್ಟಡ್‌ನ ತುದಿಯಲ್ಲಿ ಗುರುತು ಇದೆಯಾ ನೋಡಿ.

ಚಕ್ರ ಮತ್ತೆ ಹಾಕುವಾಗ ನಟ್ಟನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ. ಗನ್‌ನಿಂದ ಹದವಾಗಿ ಸೇರಿಸಿ ನಿಲ್ಲಿಸಿ. ಕೊನೆಯ ಬಿಗಿತ ಟಾರ್ಕ್ ರೆಂಚಿನಲ್ಲೇ (ಬೇಕಾದ ಬಲಕ್ಕೆ ಹೊಂದಿಸಿ ಬಿಗಿಯುವ ಕೈ ಸ್ಪಾನರ್) ಆಗಬೇಕು, ಎದುರು-ಬದುರು ನಟ್ಟುಗಳ ಕ್ರಮದಲ್ಲಿ. ಗನ್‌ನಲ್ಲೇ ಕೊನೆವರೆಗೆ ಬಿಗಿದರೆ ಸ್ಟಡ್ ಎಳೆದು ತುಂಡಾಗಬಹುದು. ಆಮೇಲೆ 50ರಿಂದ 100 ಕಿಲೋಮೀಟರು, ಅಂದರೆ ಕಾಸರಗೋಡಿನಿಂದ ಮಂಗಳೂರಿಗೆ ಹೋಗಿ ಬರುವಷ್ಟು ಓಡಿಸಿದ ಮೇಲೆ, ಎಲ್ಲ ನಟ್ಟಿಗೂ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿ ನೋಡಿ.