ಅರ್ಧ ಟನ್ ಟ್ರಕ್ಕಿಗೆ ಏಳು ಸಾವಿರ ಪೌಂಡಿನ ಟ್ರೇಲರ್ ಕಟ್ಟಿದ್ದು: ನನ್ನ ಅನುಭವ

ಮದ್ದೂರು ಸೀಮೆಯ ನಮ್ಮ ಊರಿನಲ್ಲಿ ಆಲೆಮನೆಗೆ ಕಬ್ಬು ಹೇರುವಾಗ ಅಜ್ಜ ಗಾಡಿಯ ಮೇಲೆ ನಿಂತು ಹೊರೆಗಳನ್ನು ಜೋಡಿಸುತ್ತಿದ್ದರು. ಕೆಳಗಿನಿಂದ ಎತ್ತಿಕೊಡುವುದು ನಮ್ಮ ಕೆಲಸ. ಅರ್ಧ ತುಂಬಿದ ಮೇಲೆ ಅವರು ಇಳಿದು ಬಂದು ಮೂಕಿಯನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ ನೋಡುತ್ತಿದ್ದರು. ತೀರಾ ಹಗುರವಾಗಿ ಮೇಲೆದ್ದರೆ ಹಿಂಭಾರ, ಎತ್ತಲಾಗದಷ್ಟಿದ್ದರೆ ಮುಂಭಾರ. ಹಿಂಭಾರವಾದರೆ ನೊಗ ಮೇಲಕ್ಕೆದ್ದು ಕೊರಳ ಪಟ್ಟಿ ಎತ್ತಿನ ಗಂಟಲನ್ನು ಒತ್ತುತ್ತದೆ. ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ಅಮೆರಿಕದ ಕೊಲೊರಾಡೊದಲ್ಲಿ ನೆಲೆಸಿ, ನಾಲ್ಕು ಜನ ಮಲಗಬಹುದಾದ ಪ್ರವಾಸಿ ಟ್ರೇಲರೊಂದನ್ನು ಕೊಂಡ ಮೊದಲ ಬೇಸಿಗೆಯಲ್ಲೇ ನಾನು ಈ ಎರಡು ತಪ್ಪುಗಳನ್ನೂ ಒಂದರ ಹಿಂದೆ ಒಂದರಂತೆ ಮಾಡಿದೆ. ಎರಡನೆಯದು ನನ್ನ ಹೆಂಡತಿ ಮಕ್ಕಳ ಪ್ರಾಣಕ್ಕೇ ಬರುವಂತಿತ್ತು. ಆದ್ದರಿಂದಲೇ ಇದನ್ನು ಲೆಕ್ಕದ ಸಮೇತ ಬರೆಯುತ್ತಿದ್ದೇನೆ.

ಫೋರ್ಡ್ ಎಫ್-150, ರಾಮ್ 1500, ಶೆವ್ರೊಲೆ ಸಿಲ್ವರಾಡೊ 1500, ಟೊಯೊಟಾ ಟಂಡ್ರಾ, ಇವನ್ನೆಲ್ಲ ಇಲ್ಲಿ ಅರ್ಧ ಟನ್ ಟ್ರಕ್ ಎನ್ನುತ್ತಾರೆ. ಹಿಂದೊಮ್ಮೆ ಈ ವರ್ಗದ ಗಾಡಿಗಳು ಅರ್ಧ ಟನ್, ಅಂದರೆ ಅಮೆರಿಕದ ಲೆಕ್ಕದಲ್ಲಿ 1,000 ಪೌಂಡ್ ಹೊರುತ್ತಿದ್ದವು. ಈಗ ಅದಕ್ಕಿಂತ ಬಹಳ ಹೆಚ್ಚು ಹೊರುತ್ತವೆ, ಹೆಸರು ಮಾತ್ರ ಹಾಗೇ ಉಳಿದಿದೆ. ನನ್ನದೂ ಇಂಥದ್ದೇ ಒಂದು, ಟರ್ಬೊ ವಿ6 ಎಂಜಿನ್ನಿನದು. ಕೊಳ್ಳುವಾಗ ಮಾರಾಟಗಾರರು ಹೇಳಿದ ಅಂಕಿ ಹನ್ನೊಂದು ಸಾವಿರ ಪೌಂಡ್ ಎಳೆಯುತ್ತದೆ ಎಂಬುದು. ಟ್ರೇಲರಿನ ಗರಿಷ್ಠ ತೂಕ 7,600. ಕಳೆದರೆ ಮೂರು ಸಾವಿರಕ್ಕೂ ಹೆಚ್ಚು ಪೌಂಡ್ ಉಳಿಕೆ. ಇನ್ನೇನು ಬೇಕು ಎಂದುಕೊಂಡೆ.

ಆ ಹನ್ನೊಂದು ಸಾವಿರ ಸುಳ್ಳಲ್ಲ. ಎಳೆಯುವ ಸಾಮರ್ಥ್ಯವನ್ನು ಅಳೆಯಲು ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇಯ ಜೆ2807 ಎಂಬ ಮಾನದಂಡವಿದೆ. ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ 11 ಮೈಲಿಗೂ ಉದ್ದದ ಏರನ್ನು, ಬಿಸಿಲಿನಲ್ಲಿ, ಎಸಿ ಹಾಕಿಕೊಂಡು, ನಿಗದಿತ ವೇಗ ಬಿಡದೆ ಹತ್ತಬೇಕು. ಆದರೆ ಆ ಲೆಕ್ಕದಲ್ಲಿ ಟ್ರಕ್ಕಿನೊಳಗೆ ಇರುವವರು ತಲಾ 150 ಪೌಂಡಿನ ಇಬ್ಬರು. ಇಬ್ಬರು ಮಕ್ಕಳಾಗಲಿ, ಹಿಂದಿನ ತೊಟ್ಟಿಯಲ್ಲಿ ಸೌದೆ, ಜನರೇಟರ್, ಸೈಕಲ್ಲುಗಳಾಗಲಿ ಅದರಲ್ಲಿಲ್ಲ. ನನಗೆ ಬೇಕಾಗಿದ್ದ ಅಂಕಿ ಚಾಲಕನ ಬಾಗಿಲು ತೆರೆದರೆ ಕಾಣುವ ಹಳದಿ ಚೀಟಿಯ ಮೇಲಿತ್ತು. ಜನರು ಮತ್ತು ಸಾಮಾನು ಸೇರಿ ತೂಕ ಇಷ್ಟನ್ನು ಎಂದಿಗೂ ಮೀರಬಾರದು ಎಂದು ಅಲ್ಲಿ ಬರೆದಿರುತ್ತದೆ. ನನ್ನ ಟ್ರಕ್ಕಿನಲ್ಲಿ ಅದು 1,560 ಪೌಂಡ್, ನಮ್ಮ ಲೆಕ್ಕದಲ್ಲಿ ಸುಮಾರು 708 ಕಿಲೋ. ಒಂದೇ ಹೆಸರಿನ ಟ್ರಕ್ಕುಗಳಲ್ಲೂ ಈ ಅಂಕಿ ಬೇರೆ ಬೇರೆ ಇರುತ್ತದೆ. ಚಾವಣಿಯ ಗಾಜು, ಮೆತ್ತನೆಯ ಚರ್ಮದ ಆಸನ, ದೊಡ್ಡ ಗಾಲಿ, ಪ್ರತಿಯೊಂದೂ ಅದರಿಂದಲೇ ಕಳೆಯುತ್ತದೆ. ಪುಸ್ತಿಕೆ ನೋಡಿ ಕೊಳ್ಳಬೇಡಿ, ಆ ಬಾಗಿಲು ತೆರೆದು ನೋಡಿ.

ಟ್ರೇಲರಿನ ಮೂತಿ ಟ್ರಕ್ಕಿನ ಹಿಂಬದಿಯ ಹಿಚ್ಚಿನ, ಅಂದರೆ ಟ್ರೇಲರ್ ಕಟ್ಟುವ ಕೊಂಡಿಯ, ಮೇಲೆ ಊರುವ ತೂಕವೇ ಟಂಗ್ ವೇಟ್. ಇಂಥ ಟ್ರೇಲರುಗಳಿಗೆ ಅದು ಒಟ್ಟು ತೂಕದ 10ರಿಂದ 15% ಇರಬೇಕು. ಇದೂ ಆ 1,560ರ ಲೆಕ್ಕಕ್ಕೇ ಸೇರುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಎಳೆಯುವ ತೂಕ ಬೇರೆ, ಹೊರುವ ತೂಕ ಬೇರೆ. ಅರ್ಧ ಟನ್ ಟ್ರಕ್ಕಿಗೆ ಎಳೆಯುವ ಶಕ್ತಿ ಮುಗಿಯುವ ಮೊದಲೇ ಹೊರುವ ಶಕ್ತಿ ಮುಗಿದುಹೋಗುತ್ತದೆ.

ಮೊದಲ ಪ್ರವಾಸದಲ್ಲಿ ಟ್ರಕ್ ಹಿಂದಕ್ಕೆ ಕುಕ್ಕರಿಸಿ, ಮೂಗು ಮೇಲಕ್ಕೆತ್ತಿ ಓಡಿತು. ಸ್ಟೀರಿಂಗ್ ಕೈಗೆ ಹಗುರವಾಗಿತ್ತು; ಮುಂದಿನ ಗಾಲಿಗಳು ನೆಲವನ್ನು ಮುಟ್ಟಿಯೂ ಮುಟ್ಟದಂತೆ ಅನ್ನಿಸುತ್ತಿತ್ತು. ರಾತ್ರಿ ಎದುರಿನಿಂದ ಬಂದವರೆಲ್ಲ ಹೆಡ್‌ಲೈಟ್ ಮಿನುಗಿಸಿ ಎಚ್ಚರಿಸಿದರು. ಮನೆಗೆ ಬಂದು ಯೋಚಿಸಿದೆ: ಟ್ರಕ್ಕಿನ ಮೇಲೆ ಭಾರ ಹೆಚ್ಚಾಗಿದೆ, ಇಳಿಸಬೇಕು. ತೊಟ್ಟಿಯಲ್ಲಿದ್ದ 350 ಪೌಂಡ್ ಸಾಮಾನನ್ನು ತೆಗೆದು ಟ್ರೇಲರಿನ ಹಿಂಬದಿಗೆ ಹಾಕಿದೆ. ಸೈಕಲ್ಲುಗಳು ಹಿಂದಿನ ಬಂಪರಿಗೆ, ಸೌದೆ ಮತ್ತು ಜನರೇಟರ್ ಹಿಂದಿನ ಮಂಚದ ಕೆಳಗೆ. ಟ್ರಕ್ ಸಮತಟ್ಟಾಗಿ ನಿಂತಿತು. ನೋಡಿ ಸಂತೋಷವಾಯಿತು.

ಎರಡು ವಾರದ ನಂತರ ಫೋರ್ಟ್ ಕಾಲಿನ್ಸ್ ದಾಟಿ ಐ-25 ಹೆದ್ದಾರಿಯಲ್ಲಿ ಉತ್ತರಕ್ಕೆ, ವಯೋಮಿಂಗಿನ ಕಡೆಗೆ ಹೊರಟೆವು. ಅಲ್ಲಿ ಮರಗಳಿಲ್ಲ, ಪಶ್ಚಿಮದಿಂದ ಗಾಳಿ ಅಡ್ಡಲಾಗಿ ಬೀಸುತ್ತದೆ. 65 ಮೈಲಿ ವೇಗದಲ್ಲಿದ್ದೆ. ರಸ್ತೆ ಸ್ವಲ್ಪ ಇಳಿಜಾರಾಗಿತ್ತು. ದೊಡ್ಡ ಲಾರಿಯೊಂದು ಎಡಗಡೆಯಿಂದ ನಮ್ಮನ್ನು ದಾಟಿತು. ಅದರ ಮುಂದಿನ ಗಾಳಿ ಟ್ರೇಲರನ್ನು ಬಲಕ್ಕೆ ತಳ್ಳಿತು, ಲಾರಿ ಮುಂದೆ ಹೋದಂತೆ ಎಡಕ್ಕೆ ಎಳೆದುಕೊಂಡಿತು. ಅಲ್ಲಿಗೆ ನಿಲ್ಲಬೇಕಾಗಿದ್ದ ಆ ತೂಗಾಟ ನಿಲ್ಲಲಿಲ್ಲ. ಎರಡನೆಯ ಸಲ ಮೊದಲಿಗಿಂತ ದೊಡ್ಡದಾಯಿತು, ಮೂರನೆಯ ಸಲ ಇನ್ನೂ ದೊಡ್ಡದು. ಕನ್ನಡಿಯಲ್ಲಿ ಟ್ರೇಲರಿನ ಒಂದು ಪಕ್ಕ ಕಾಣುತ್ತಿತ್ತು, ಮರುಕ್ಷಣ ಇನ್ನೊಂದು ಪಕ್ಕ. ಅದು ಟ್ರಕ್ಕಿನ ಬಾಲವನ್ನು ಹಿಡಿದು ಆಡಿಸುತ್ತಿತ್ತು. ನನ್ನ ಕಾಲು ಮೊದಲು ಬ್ರೇಕಿಗೆ ಹೋಯಿತು. ಅದು ತಪ್ಪು: ಟ್ರಕ್ ನಿಧಾನವಾಗುತ್ತದೆ, ಹಿಂದಿನದು ಅದನ್ನು ನೂಕುತ್ತದೆ. ತೂಗಾಟ ಹೆಚ್ಚಾದದ್ದು ತಿಳಿದ ತಕ್ಷಣ ಎರಡೂ ಪೆಡಲುಗಳಿಂದ ಕಾಲು ತೆಗೆದೆ, ಸ್ಟೀರಿಂಗನ್ನು ನೇರವಾಗಿ ಹಿಡಿದೆ, ಡ್ಯಾಶ್‌ಬೋರ್ಡಿನಲ್ಲಿರುವ ಟ್ರೇಲರ್ ಬ್ರೇಕಿನ ಲಿವರನ್ನು ಕೈಯಿಂದ ಒತ್ತಿದೆ. ಟ್ರೇಲರಿನ ಬ್ರೇಕು ಮಾತ್ರ ಹಿಡಿದಾಗ ಅದು ಹಿಂದಕ್ಕೆ ಜಗ್ಗಿ, ಹಗ್ಗ ಬಿಗಿದಂತೆ ಎರಡೂ ವಾಹನಗಳು ಒಂದೇ ಗೆರೆಗೆ ಬಂದವು. ಎಲ್ಲ ಸೇರಿ ಎಂಟು ಹತ್ತು ಸೆಕೆಂಡು ಇರಬಹುದು. ರಸ್ತೆ ಬದಿಗೆ ನಿಲ್ಲಿಸಿದಾಗ ಹಿಂದಿನ ಆಸನದಲ್ಲಿ ಮಕ್ಕಳು ಮಾತಿಲ್ಲದೆ ಕುಳಿತಿದ್ದರು. ಆ ಮೌನವನ್ನು ನಾನು ಮರೆತಿಲ್ಲ.

ಆಮೇಲೆ ತೂಗಿ ನೋಡಿದೆ. ಹೆದ್ದಾರಿ ಬದಿಯ ಲಾರಿ ತಂಗುದಾಣಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಕಟ್ಟೆಗಳಿರುತ್ತವೆ. ಟ್ರಕ್ಕಿನ ಮುಂದಿನ ಗಾಲಿ, ಹಿಂದಿನ ಗಾಲಿ, ಟ್ರೇಲರಿನ ಗಾಲಿಗಳು ಮೂರು ಬೇರೆ ಬೇರೆ ಹಾಸುಗಳ ಮೇಲೆ ನಿಲ್ಲುವಂತೆ ನಿಲ್ಲಿಸಿದರೆ ಮೂರು ತೂಕ ಒಟ್ಟಿಗೆ ಸಿಗುತ್ತವೆ. ಲಾರಿ ಚಾಲಕರಷ್ಟೇ ಅಲ್ಲ, ಯಾರು ಬೇಕಾದರೂ ತೂಗಿಸಬಹುದು. ಖರ್ಚು ಒಂದು ಹೊತ್ತಿನ ಊಟದಷ್ಟೂ ಆಗುವುದಿಲ್ಲ. ಒಮ್ಮೆ ಟ್ರೇಲರ್ ಕಟ್ಟಿಕೊಂಡು, ಇನ್ನೊಮ್ಮೆ ಬಿಚ್ಚಿಟ್ಟು ಟ್ರಕ್ಕನ್ನು ಮಾತ್ರ. ಹಿಚ್ಚಿನಲ್ಲಿ ಭಾರ ಹಂಚುವ ಸ್ಪ್ರಿಂಗ್ ಬಾರ್‌ಗಳಿದ್ದರೆ (ಅವುಗಳ ಬಗ್ಗೆ ಮುಂದೆ ಹೇಳುತ್ತೇನೆ) ಅವನ್ನು ಬಿಗಿಯದೆ ತೂಗಬೇಕು; ಆಗ ಟ್ರಕ್ಕಿನ ಎರಡು ತೂಕಗಳ ನಡುವಿನ ವ್ಯತ್ಯಾಸವೇ ಟಂಗ್ ವೇಟ್.

ಗಾಳಿಗೆ ತೂಗಾಡಿದ ದಿನ ತುಂಬಿದ್ದಂತೆಯೇ ಮತ್ತೆ ತುಂಬಿ ತೂಗಿದೆ. ಟ್ರೇಲರ್ 7,450 ಪೌಂಡ್, ಮೂತಿಯ ತೂಕ 560. ಅಂದರೆ 7.5%. ಅಜ್ಜ ಮೂಕಿ ಎತ್ತಿ ನೋಡಿದ್ದರೆ ಆ ಗಾಡಿಯನ್ನು ಅಂಗಳದಿಂದ ಹೊರಡಲು ಬಿಡುತ್ತಿರಲಿಲ್ಲ. ಮೊದಲ ಪ್ರವಾಸದ ಜೋಡಣೆಗೆ ಮರಳಿ, ಹಿಚ್ಚಿನ ಸ್ಪ್ರಿಂಗ್ ಬಾರ್‌ಗಳನ್ನು ಬಿಗಿಯದೆ ತೂಗಿದೆ. ಟ್ರೇಲರ್ 7,100, ಮೂತಿ 920, ಅಂದರೆ 13%. ಟ್ರೇಲರಿನ ದೃಷ್ಟಿಯಿಂದ ಇದು ಸರಿ. ಟ್ರಕ್ ಮಾತ್ರ ಒಟ್ಟು 7,320 ತೂಗಿತು, ಅದರ ಮಿತಿ 7,050. ಹಿಂದಿನ ಆಕ್ಸಲ್ 4,300, ಮಿತಿ 4,050. ಟ್ರೇಲರ್ ಬಿಚ್ಚಿದಾಗ 3,340 ಇದ್ದ ಮುಂದಿನ ಆಕ್ಸಲ್ 3,020ಕ್ಕೆ ಇಳಿದಿತ್ತು. ಹಿಂದಿನ ಗಾಲಿಯ ಆಚೆಗೆ ಹೇರಿದ ಭಾರ, ಏತದ ಮರದಂತೆ, ಮುಂದಿನದನ್ನು 320 ಪೌಂಡಿನಷ್ಟು ಮೇಲಕ್ಕೆತ್ತಿತ್ತು. ಸ್ಟೀರಿಂಗ್ ಹಗುರವಾಗಿದ್ದ ಕಾರಣ ಕಾಗದದ ಮೇಲೆ ಕಣ್ಣೆದುರಿಗಿತ್ತು.

ಮೂತಿಯ ಭಾರ ಕಡಿಮೆ ಮಾಡಿದರೆ ಟ್ರಕ್ಕಿಗೆ ಹಿತ, ಟ್ರೇಲರಿಗೆ ಅಪಾಯ. ಹೆಚ್ಚು ಮಾಡಿದರೆ ಟ್ರೇಲರಿಗೆ ಹಿತ, ಟ್ರಕ್ಕಿಗೆ ಅಪಾಯ. ಸಾಮಾನನ್ನು ಹಿಂದೆ ಮುಂದೆ ಸರಿಸಿ ಇದರಿಂದ ತಪ್ಪಿಸಿಕೊಳ್ಳಲಾಗದು. ಉಳಿದದ್ದು ಒಂದೇ ದಾರಿ, ಕಡಿಮೆ ಒಯ್ಯುವುದು.

ಮೊದಲು ಬಿಟ್ಟದ್ದು 100 ಪೌಂಡ್ ಸೌದೆ. ಅದನ್ನು ಒಯ್ಯಲೇಬಾರದಾಗಿತ್ತು, ತೂಕಕ್ಕಾಗಿ ಮಾತ್ರವಲ್ಲ. ಸೌದೆಯ ಜೊತೆ ಮರ ಕೊರೆಯುವ ಹುಳುಗಳು ಊರಿಂದೂರಿಗೆ ಹೋಗುತ್ತವೆ. ಆಶ್ ಮರಗಳನ್ನು ಕೊಲ್ಲುವ ಹಸಿರು ಜೀರುಂಡೆ 2013ರಲ್ಲಿ ಬೌಲ್ಡರಿನಲ್ಲಿ ಕಾಣಿಸಿಕೊಂಡ ಮೇಲಂತೂ ಸೌದೆಯನ್ನು ಸುಡುವ ಊರಿನಲ್ಲೇ ಕೊಳ್ಳಿ ಎಂದು ಇಲ್ಲಿ ಎಲ್ಲೆಡೆ ಹೇಳುತ್ತಾರೆ. ಎರಡನೆಯದು ನೀರು. ಒಂದು ಗ್ಯಾಲನ್ ನೀರು 8.3 ಪೌಂಡ್, ಟ್ರೇಲರಿನ 40 ಗ್ಯಾಲನ್ ನೀರಿನ ಟ್ಯಾಂಕಿನಲ್ಲಿ 330 ಪೌಂಡ್. ಅದು ಟ್ರೇಲರಿನ ಗಾಲಿಗಳಿಗಿಂತ ಮುಂದಿದೆ, ಆದ್ದರಿಂದ ತುಂಬಿದಷ್ಟೂ ಮೂತಿ ಭಾರ. ಈಗ ಖಾಲಿ ಮಾಡಿ ಹೊರಟು, ತಂಗುವ ಜಾಗದಲ್ಲಿ ತುಂಬಿಸಿಕೊಳ್ಳುತ್ತೇನೆ. ಜನರೇಟರ್ ಮತ್ತು ಉಪಕರಣದ ಪೆಟ್ಟಿಗೆ, ಸೇರಿ 140 ಪೌಂಡ್, ಟ್ರೇಲರಿನ ಗಾಲಿಗಳ ನೇರ ಮೇಲಕ್ಕೆ ಹೋದವು. ಅಲ್ಲಿಟ್ಟದ್ದು ಮೂತಿಯನ್ನು ಒತ್ತುವುದೂ ಇಲ್ಲ, ಎತ್ತುವುದೂ ಇಲ್ಲ.

ಹಿಚ್ಚಿನ ವಿಷಯ. ನನ್ನ ಟ್ರಕ್ಕಿನ ರಿಸೀವರಿನ, ಅಂದರೆ ಹಿಚ್ಚನ್ನು ತೂರಿಸುವ ಕೊಳವೆಯ, ಮೇಲೇ ಒಂದು ಚೀಟಿಯಿದೆ: ಹಿಚ್ಚಿನ ಬರೀ ಉಕ್ಕಿನ ಗುಂಡಿನ ಮೇಲೆ ಕಟ್ಟಿದರೆ 5,000 ಪೌಂಡ್ ಟ್ರೇಲರ್, 500 ಪೌಂಡ್ ಮೂತಿ, ಅಷ್ಟೇ. ಅದಕ್ಕಿಂತ ಹೆಚ್ಚಿದ್ದರೆ ಭಾರ ಹಂಚುವ ಹಿಚ್ ಕಡ್ಡಾಯ. ಇದರಲ್ಲಿ ಎರಡು ಉಕ್ಕಿನ ಸ್ಪ್ರಿಂಗ್ ಬಾರ್‌ಗಳು ಹಿಚ್ಚಿನಿಂದ ಟ್ರೇಲರಿನ ಚೌಕಟ್ಟಿಗೆ ಬಿಗಿಯುತ್ತವೆ. ಕುಸಿಯುವ ಕೀಲನ್ನು ಅವು ಸನ್ನೆಗೋಲಿನಂತೆ ಮೇಲಕ್ಕೆ ಮೀಟಿ, ಸ್ವಲ್ಪ ಭಾರವನ್ನು ಟ್ರಕ್ಕಿನ ಮುಂದಿನ ಗಾಲಿಗಳಿಗೂ ಸ್ವಲ್ಪವನ್ನು ಟ್ರೇಲರಿನ ಗಾಲಿಗಳಿಗೂ ದಾಟಿಸುತ್ತವೆ. ಟ್ರೇಲರ್ ಜೊತೆ ನನಗೆ ಅದನ್ನು ಕೊಟ್ಟಿದ್ದರು, ಆದರೆ ನನ್ನ ಟ್ರಕ್ಕಿನ ಎತ್ತರಕ್ಕೆ ಯಾರೂ ಹೊಂದಿಸಿರಲಿಲ್ಲ. ಬಾರ್‌ಗಳು ಅಲಂಕಾರಕ್ಕೆ ಇದ್ದಂತಿದ್ದವು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಮುಂದಿನ ಗಾಲಿಯ ಮೇಲಿನ ಮಡ್‌ಗಾರ್ಡಿನ ಎತ್ತರವನ್ನು ಟೇಪಿನಿಂದ ಅಳೆದು, ಟ್ರೇಲರ್ ಕಟ್ಟಿದ ಮೇಲೆ ಆ ಎತ್ತರ ಹೆಚ್ಚುಕಡಿಮೆ ಮೊದಲಿನಷ್ಟೇ ಆಗುವವರೆಗೆ ಹಿಚ್ಚಿನ ತಲೆಯನ್ನು ಒಂದೊಂದೇ ವಾಷರ್ ಹಾಕಿ ಬಾಗಿಸಿದೆ. ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಈ ಹಿಚ್ ಟ್ರಕ್ಕಿನ ಮಿತಿಯನ್ನು ಹೆಚ್ಚಿಸುವುದಿಲ್ಲ. ಹೆಚ್ಚಿಸುತ್ತದೆ ಎಂದು ನಂಬಿದವರನ್ನು ನಾನು ಬಹಳ ಜನರನ್ನು ಕಂಡಿದ್ದೇನೆ.

ಮತ್ತೆ ತೂಗಿದಾಗ ಟ್ರಕ್ಕಿನ ಮುಂದೆ 3,280, ಹಿಂದೆ 3,590, ಟ್ರೇಲರಿನ ಗಾಲಿಗಳ ಮೇಲೆ 6,200. ಟ್ರಕ್ ಒಟ್ಟು 6,870, ಮಿತಿಗಿಂತ 180 ಕಡಿಮೆ. ಟ್ರೇಲರ್ 6,910, ಬಾರ್ ಬಿಗಿಯದೆ ತೂಗಿದಾಗ ಮೂತಿ 820, ಸುಮಾರು 12%. ತೂಕದ ಆ ಚೀಟಿಯನ್ನು ಈಗಲೂ ಟ್ರಕ್ಕಿನಲ್ಲೇ ಇಟ್ಟುಕೊಂಡಿದ್ದೇನೆ.

ಟ್ರೇಲರ್ ಬ್ರೇಕಿನ ಬಲವನ್ನು ಹೊಂದಿಸುವುದು ಸುಲಭ: ಖಾಲಿ ಮೈದಾನದಲ್ಲಿ 25 ಮೈಲಿ ವೇಗದಲ್ಲಿ ಡ್ಯಾಶ್‌ಬೋರ್ಡಿನ ಆ ಲಿವರನ್ನು ಪೂರ್ತಿ ಒತ್ತಬೇಕು, ಗಾಲಿ ಕಚ್ಚಿ ಜಾರಿದರೆ ಸ್ವಲ್ಪ ತಗ್ಗಿಸಬೇಕು. ಟ್ರೇಲರನ್ನು ಟ್ರಕ್ಕಿಗೆ ಬಿಗಿಯುವ ಸುರಕ್ಷೆಯ ಸರಪಳಿಗಳನ್ನು ಮೂತಿಯ ಕೆಳಗೆ ಅಡ್ಡಡ್ಡ ದಾಟಿಸಬೇಕು, ಮೂತಿ ಕಳಚಿ ಬಿದ್ದರೆ ಅವು ತೊಟ್ಟಿಲಿನಂತೆ ಹಿಡಿಯುತ್ತವೆ. ಟೈರಿನ ಗಾಳಿಯನ್ನು ತಣ್ಣಗಿರುವಾಗಲೇ ನೋಡಬೇಕು. ಗಾಲಿಯ ನಟ್ಟುಗಳನ್ನು ಮೊದಲ 50 ಮೈಲಿಯ ನಂತರ ಮತ್ತೆ ಬಿಗಿಯಬೇಕು.

ಇಷ್ಟೆಲ್ಲ ಆದ ಮೇಲೆ ಐ-70ರಲ್ಲಿ ಪಶ್ಚಿಮಕ್ಕೆ, ಬೆಟ್ಟಗಳಿಗೆ ಹೊರಟೆವು. ಡೆನ್ವರ್ 5,280 ಅಡಿ ಎತ್ತರದಲ್ಲಿದೆ. ಅಲ್ಲಿಂದ ಏರಿ ಜಾರ್ಜ್‌ಟೌನ್ ದಾಟಿ, 11,158 ಅಡಿಯ ಐಸೆನ್‌ಹೋವರ್ ಸುರಂಗವನ್ನು ಮುಟ್ಟಬೇಕು. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು 3% ಶಕ್ತಿ ಕಳೆದುಕೊಳ್ಳುತ್ತದೆ. ಸುರಂಗದ ಬಳಿಗೆ ಬರುವಾಗ ಮೂರನೆಯ ಒಂದು ಪಾಲು ಹೋಗಿರುತ್ತದೆ. ಟರ್ಬೊ ಇದ್ದದ್ದರಿಂದ ನನಗೆ ಅಷ್ಟು ತೊಂದರೆಯಾಗಲಿಲ್ಲ. ಆದರೂ ಬಲಗಡೆಯ ಲೇನಿನಲ್ಲಿ, ಲಾರಿಗಳ ಹಿಂದೆ, 45 ಮೈಲಿ ವೇಗದಲ್ಲಿ ಹತ್ತಿದೆ. ಹತ್ತುವುದರಲ್ಲಿ ಭಯವಿಲ್ಲ. ಎಂಜಿನ್ ಬಿಸಿಯಾದರೆ ನಿಲ್ಲಿಸಬಹುದು.

ಇಳಿಯುವುದೇ ಬೇರೆ. ಸುರಂಗದಿಂದ ಹೊರಬಂದರೆ ಸಿಲ್ವರ್‌ಥಾರ್ನ್‌ವರೆಗೆ ಸುಮಾರು ಎಂಟು ಮೈಲಿ ಇಳಿಜಾರು, ಕೆಲವೆಡೆ 7%. ಬ್ರೇಕು ಸೋತ ಲಾರಿಗಳು ನುಗ್ಗಿ ನಿಲ್ಲಲೆಂದು ಜಲ್ಲಿ ಸುರಿದ ಏರುದಾರಿಗಳನ್ನು ಅಲ್ಲಿ ಕಟ್ಟಿದ್ದಾರೆ. ನಮ್ಮ ಚಾರ್ಮಾಡಿ, ಆಗುಂಬೆಯ ಚಾಲಕರು ಹೇಳುವ ಮಾತೇ ಇಲ್ಲಿಯೂ ನಡೆಯುತ್ತದೆ: ಹತ್ತಿದ ಗೇರಿನಲ್ಲೇ ಇಳಿ. ಸುರಂಗದೊಳಗೇ ವೇಗ ಇಳಿಸಿ, ಭಾರ ಎಳೆಯುವಾಗ ಬಳಸುವ ಟೋ-ಹಾಲ್ ಮೋಡಿನಲ್ಲಿ ಕೆಳಗಿನ ಗೇರಿಗೆ ಹಾಕಿ ಹೊರಬಂದೆ. ಎಂಜಿನ್ ಗುರುಗುಟ್ಟುತ್ತಾ ಹಿಡಿದುಕೊಂಡಿತು. ವೇಗ 45 ದಾಟಿದಾಗ ಮಾತ್ರ ಬ್ರೇಕನ್ನು ಗಟ್ಟಿಯಾಗಿ ಒತ್ತಿ 35ಕ್ಕೆ ಇಳಿಸಿ, ಪೂರ್ತಿ ಬಿಟ್ಟುಬಿಡುತ್ತಿದ್ದೆ. ಕಾಲನ್ನು ಮೆಲ್ಲಗೆ ಇಟ್ಟುಕೊಂಡೇ ಇದ್ದರೆ ಬ್ರೇಕಿಗೆ ತಣಿಯಲು ಸಮಯವೇ ಸಿಗುವುದಿಲ್ಲ. ಲಾರಿಗಳು ಎಡದಿಂದ ದಾಟಿದವು, ಟ್ರೇಲರ್ ಒಮ್ಮೆ ಸ್ವಲ್ಪ ಅಲುಗಿ ತಾನಾಗಿಯೇ ನಿಂತಿತು. ನನ್ನ ಹೆಂಡತಿ ಬಾಗಿಲ ಹಿಡಿಯನ್ನು ಬಿಟ್ಟದ್ದು ಆಗಲೇ. ಸಿಲ್ವರ್‌ಥಾರ್ನಿನಲ್ಲಿ ನಿಲ್ಲಿಸಿ ಟ್ರೇಲರಿನ ನಾಲ್ಕೂ ಗಾಲಿಗಳ ಹಬ್ಬಿನ ಹತ್ತಿರ ಅಂಗೈ ಹಿಡಿದು ನೋಡಿದೆ. ನಾಲ್ಕೂ ಒಂದೇ ಸಮ ಬೆಚ್ಚಗಿದ್ದವು.

ಪ್ರತಿ ಬೇಸಿಗೆಯ ಮೊದಲ ಪ್ರವಾಸಕ್ಕೆ ಮುನ್ನ ಮನೆಯ ತೂಕದ ಯಂತ್ರದ ಮೇಲೆ ನಾವು ನಾಲ್ವರೂ ನಿಲ್ಲುತ್ತೇವೆ. ಮೊದಲ ವರ್ಷ ದೊಡ್ಡವಳು 90 ಪೌಂಡ್, ಚಿಕ್ಕವನು 60. ಈಗ ಇಬ್ಬರೂ ಸೇರಿ 42 ಪೌಂಡ್ ಹೆಚ್ಚಾಗಿದ್ದಾರೆ. ನನ್ನ ಹತ್ತಿರ ಇದ್ದ ಉಳಿಕೆ 180, ಈಗ 138. ಅವಳು ನನ್ನ ಎತ್ತರಕ್ಕೆ ಬರುವ ಹೊತ್ತಿಗೆ ಒಂದೋ ಇನ್ನೂ ಹಗುರವಾದ ಟ್ರೇಲರ್, ಇಲ್ಲವೇ ಮುಕ್ಕಾಲು ಟನ್ನಿನ ಟ್ರಕ್ ನೋಡಬೇಕಾಗುತ್ತದೆ. ಅಲ್ಲಿಯವರೆಗೆ ಹಳದಿ ಚೀಟಿಯ ಪಕ್ಕದಲ್ಲಿ ಮಕ್ಕಳ ತೂಕವನ್ನು ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದೇನೆ.