ಪೆಲೆಟ್ ಸ್ಟೋವ್ ಕೈಕೊಟ್ಟರೆ ಮೊದಲು ಗಾಳಿಯ ದಾರಿ ನೋಡಿ

ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಹ್ಯಾಂಪ್‌ಶೈರ್, ಮೇಯ್ನ್, ವರ್ಮಾಂಟ್ ಕಡೆ ಹಳೆಯ ಮನೆ ಕೊಂಡವರಿಗೆ ಕೆಲವೊಮ್ಮೆ ಮನೆಯ ಜೊತೆಗೇ ಒಂದು ಪೆಲೆಟ್ ಸ್ಟೋವ್ ಕೂಡ ಸಿಗುತ್ತದೆ. ಅಲ್ಲಿ ನೆಲೆಸಿದ ನಮ್ಮವರಿಗೆ ಇದರ ಪರಿಚಯವಾಗುವುದೂ ಹೆಚ್ಚಾಗಿ ಹಾಗೆಯೇ. ಗಾಜಿನ ಬಾಗಿಲಿರುವ ಕಬ್ಬಿಣದ ಪೆಟ್ಟಿಗೆ. ಮೇಲಿನ ಮುಚ್ಚಳ ತೆಗೆದು ಮರದ ಹೊಟ್ಟಿನ ಗುಳಿಗೆಗಳನ್ನು, ಅಂದರೆ ಪೆಲೆಟ್‌ಗಳನ್ನು, ಸುರಿದು ಬಟನ್ ಒತ್ತಿದರೆ ತಾನೇ ಹೊತ್ತಿಕೊಳ್ಳುತ್ತದೆ, ತಾನೇ ಉರಿಯುತ್ತದೆ.

ಜನವರಿಯಲ್ಲಿ, ಹೊರಗೆ ಮೈನಸ್ 20 ಡಿಗ್ರಿ ಇರುವ ರಾತ್ರಿ ಅದು ಆರಿಹೋದರೆ ಗಾಬರಿಯಾಗುವುದು ಸಹಜ. ಕೂಡಲೇ ಮೊಬೈಲ್ ತೆಗೆದು ಹೊಸ ಇಗ್ನೈಟರ್, ಹೊಸ ಮೋಟಾರ್ ಹುಡುಕಲು ಶುರು ಮಾಡುತ್ತೇವೆ. ಸ್ವಲ್ಪ ತಡೆಯಿರಿ. ಈ ಸ್ಟೋವಿನ ತಕರಾರುಗಳಲ್ಲಿ ಬಹುಪಾಲು ಹುಟ್ಟುವುದು ಬೂದಿಯಿಂದ. ಬೂದಿ ಗಾಳಿಯ ದಾರಿ ಮುಚ್ಚುತ್ತದೆ. ಗಾಳಿ ಸಿಗದೆ ಉರಿ ಸೊರಗುತ್ತದೆ. ಆಗ ಸೆನ್ಸರ್ ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ಬಿಡಿಭಾಗಕ್ಕೆ ದುಡ್ಡು ಸುರಿಯುವ ಮೊದಲು ಗಾಳಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ಒಮ್ಮೆ ನೋಡಬೇಕು.

ಒಳಗೆ ಏನು ನಡೆಯುತ್ತದೆ

1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಅಮೆರಿಕದಲ್ಲಿ ಬೇರೆ ಇಂಧನಗಳ ಹುಡುಕಾಟ ಜೋರಾಯಿತು. ಬೋಯಿಂಗ್‌ನಲ್ಲಿ ಎಂಜಿನಿಯರ್ ಆಗಿದ್ದ ಜೆರಿ ವಿಟ್‌ಫೀಲ್ಡ್ 1980ರ ದಶಕದಲ್ಲಿ ಮನೆಗೆ ಹೊಂದುವ ಪೆಲೆಟ್ ಸ್ಟೋವ್ ರೂಪಿಸಿದರು. ಇವತ್ತಿನ ಸ್ಟೋವ್‌ಗಳೂ ಹೆಚ್ಚುಕಡಿಮೆ ಅದೇ ರೀತಿಯಲ್ಲಿ ಕೆಲಸ ಮಾಡುತ್ತವೆ.

ಪೆಲೆಟ್ ತುಂಬುವ ಪೆಟ್ಟಿಗೆ ಹಾಪರ್. ಅದರ ತಳದಲ್ಲಿ ಆಗರ್ ಎಂಬ ತಿರುಪಿನಾಕಾರದ ಸರಳು ಬಿಟ್ಟು ಬಿಟ್ಟು ತಿರುಗಿ, ಪೆಲೆಟ್‌ಗಳನ್ನು ಸ್ವಲ್ಪ ಸ್ವಲ್ಪವೇ ಬರ್ನ್ ಪಾಟ್ ಎಂಬ ತೂತು ತೂತಿನ ಕಬ್ಬಿಣದ ಬಟ್ಟಲಿಗೆ ಬೀಳಿಸುತ್ತದೆ. ಇಗ್ನೈಟರ್ ಎಂಬ ಬಿಸಿ ಕಡ್ಡಿ ಬೆಂಕಿ ಹೊತ್ತಿಸುತ್ತದೆ.

ಒಳಗೆ ಫ್ಯಾನ್ ಎರಡು. ಒಂದು ಹೊಗೆಯನ್ನು ಎಳೆದು ಹೊರಗಿನ ಕೊಳವೆಗೆ ತಳ್ಳುತ್ತದೆ. ಅದು ಹೊಗೆ ಎಳೆಯುವುದರಿಂದಲೇ ಬರ್ನ್ ಪಾಟಿನ ತೂತುಗಳಿಂದ ಹೊಸ ಗಾಳಿ ನುಗ್ಗುತ್ತದೆ. ಇನ್ನೊಂದು ಫ್ಯಾನ್ ಕೋಣೆಯ ಗಾಳಿಯನ್ನು ಬೆಂಕಿಯಿಂದ ಬಿಸಿಯಾದ ಕೊಳವೆಗಳ ಮೂಲಕ ಹಾಯಿಸಿ ವಾಪಸ್ ಕೋಣೆಗೆ ಕಳಿಸುತ್ತದೆ. ಮೈಗೆ ತಾಗುವ ಬೆಚ್ಚನೆ ಗಾಳಿ ಇದು. ಈ ಎರಡು ಗಾಳಿಗಳು ಎಂದೂ ಬೆರೆಯಬಾರದು. ಇಷ್ಟು ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಶುರು ಮಾಡುವ ಮೊದಲು

ಸ್ಟೋವ್ ಪೂರ್ತಿ ತಣ್ಣಗಾಗಿರಬೇಕು, ಪ್ಲಗ್ ಕಿತ್ತಿರಬೇಕು. ಆದರೆ ಉರಿಯುತ್ತಿರುವಾಗ ಪ್ಲಗ್ ಕಿತ್ತು ಆರಿಸಬೇಡಿ. ಹೊಗೆ ಎಳೆಯುವ ಫ್ಯಾನ್ ನಿಂತರೆ ಹೊಗೆ ಮನೆಯೊಳಗೆ ಬರುತ್ತದೆ. ಆಫ್ ಬಟನ್ ಒತ್ತಿ, ಫ್ಯಾನ್ ತಾನಾಗಿ ನಿಲ್ಲುವವರೆಗೆ ಕಾಯಿರಿ.

ಬೂದಿಯನ್ನು ಮನೆ ಗುಡಿಸುವ ಸಾಮಾನ್ಯ ವ್ಯಾಕ್ಯೂಮ್‌ನಿಂದ ಎಳೆಯಲೇಬೇಡಿ. ನುಣುಪು ಬೂದಿ ಅದರ ಫಿಲ್ಟರ್ ದಾಟಿ ಮನೆಯೆಲ್ಲ ಹಾರುತ್ತದೆ. ಅದಕ್ಕಿಂತ ಮುಖ್ಯವಾಗಿ, ಬೂದಿಯೊಳಗೆ ಅಡಗಿದ ಒಂದು ಸಣ್ಣ ಕೆಂಡ ಸಾಕು, ವ್ಯಾಕ್ಯೂಮಿಗೆ ಬೆಂಕಿ ಹಿಡಿಯುತ್ತದೆ. ಬೂದಿಗೆಂದೇ ಮಾಡಿದ ಲೋಹದ ವ್ಯಾಕ್ಯೂಮ್ ಸಿಗುತ್ತದೆ, ಅದನ್ನು ಕೊಳ್ಳಿ. ತೆಗೆದ ಬೂದಿ ಮುಚ್ಚಳವಿರುವ ಕಬ್ಬಿಣದ ಬಕೆಟ್‌ಗೆ ಹೋಗಬೇಕು, ಬಕೆಟ್ ಮನೆಯಿಂದ ದೂರ ಕಾಂಕ್ರೀಟ್ ಅಥವಾ ಮಣ್ಣಿನ ಮೇಲೆ ಇರಬೇಕು. ಮರದ ಡೆಕ್ ಮೇಲೆ ಬೇಡ. ಬೂದಿಯಲ್ಲಿ ಹುದುಗಿದ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ.

ಮಲಗುವ ಕೋಣೆಗಳ ಹತ್ತಿರ ಮತ್ತು ಪ್ರತಿ ಮಹಡಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಾಂ ಇರಲಿ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಲಾರಾಂ ಇಲ್ಲದ ಮನೆಯಲ್ಲಿ ಸ್ಟೋವ್ ಹಚ್ಚುವುದು ನನ್ನ ಪ್ರಕಾರ ತಪ್ಪೇ.

ದಿನದ ಕೆಲಸ, ವಾರದ ಕೆಲಸ

ದಿನವೂ ಮಾಡಬೇಕಾದ್ದು ಐದು ನಿಮಿಷದ ಕೆಲಸ. ಬರ್ನ್ ಪಾಟ್ ಹೊರಗೆ ತೆಗೆದು ಬೂದಿ ಕೊಡವಿ. ತಳದಲ್ಲಿ ಕಮ್ಮಾರನ ಕುಲುಮೆಯ ಕಿಟ್ಟದ ಹಾಗೆ ಗಟ್ಟಿ ತುಂಡು ಕೂತಿದ್ದರೆ ಉಳಿಯಿಂದ ಕೆರೆದು ತೆಗೆಯಿರಿ. ಇದನ್ನು ಕ್ಲಿಂಕರ್ ಅನ್ನುತ್ತಾರೆ. ಪೆಲೆಟ್‌ನಲ್ಲಿ ಮರಳು, ಮಣ್ಣು, ತೊಗಟೆ ಸೇರಿದ್ದರೆ ಬೂದಿ ಕರಗಿ ಹೀಗೆ ಹೆಪ್ಪುಗಟ್ಟುತ್ತದೆ. ಆಮೇಲೆ ಪಾಟನ್ನು ಬೆಳಕಿಗೆ ಹಿಡಿದು ನೋಡಿ. ಪ್ರತಿ ತೂತಿನಿಂದಲೂ ಬೆಳಕು ಕಾಣಬೇಕು. ಕಾಣದ ತೂತಿಗೆ ಡ್ರಿಲ್ ಬಿಟ್ ಹಾಕಿ ಕೈಯಲ್ಲೇ ತಿರುಗಿಸಿ, ಮೆಷಿನ್ ಬೇಡ. ತೂತು ದೊಡ್ಡದಾದರೆ ಗಾಳಿಯ ಲೆಕ್ಕ ತಪ್ಪುತ್ತದೆ. ಪಾಟ್ ವಾಪಸ್ ಇಡುವಾಗ ಸೊಟ್ಟಗೆ ಕೂರದಂತೆ ನೋಡಿಕೊಳ್ಳಿ. ಅಂಚಿನಲ್ಲಿ ಸಂದಿ ಉಳಿದರೆ ಗಾಳಿ ತೂತುಗಳನ್ನು ಬಿಟ್ಟು ಆ ಸಂದಿಯಿಂದ ಹೋಗುತ್ತದೆ.

ಹೆಚ್ಚಿನ ಮಾಡೆಲ್‌ಗಳಲ್ಲಿ ಬಿಸಿ ಕೊಳವೆಗಳನ್ನು ಕೆರೆಯಲು ಎಳೆದು ತಳ್ಳುವ ಒಂದು ಸರಳು ಇರುತ್ತದೆ. ಹೊತ್ತಿಸುವ ಮೊದಲು ನಾಲ್ಕಾರು ಸಲ ಎಳೆದಾಡಿ. ಕೊಳವೆಯ ಮೇಲೆ ಬೂದಿ ಕೂತರೆ ಶಾಖ ಕೋಣೆಗೆ ಬಾರದೆ ಚಿಮಣಿಯಲ್ಲಿ ಹೋಗಿಬಿಡುತ್ತದೆ.

ಗಾಜಿಗೆ ಒದ್ದೆ ಕಾಗದವನ್ನು ಬೂದಿಯಲ್ಲಿ ಅದ್ದಿ ಉಜ್ಜಿದರೆ ಸಾಕು, ಆದರೆ ಬಿಸಿ ಗಾಜಿಗೆ ನೀರು ತಾಗಿಸಬೇಡಿ. ವಾರಕ್ಕೊಮ್ಮೆ ಬೂದಿ ಟ್ರೇ ಖಾಲಿ ಮಾಡಿ, ಒಳಗಿನ ಮೂಲೆಗಳನ್ನು ವ್ಯಾಕ್ಯೂಮ್ ಮಾಡಿ.

ಒಂದು ಟನ್ ಮುಗಿದಾಗ

ಅಮೆರಿಕದಲ್ಲಿ ಪೆಲೆಟ್ 40 ಪೌಂಡಿನ ಚೀಲಗಳಲ್ಲಿ ಬರುತ್ತದೆ, ಅಂದರೆ ಸುಮಾರು 18 ಕಿಲೋ. 50 ಚೀಲ ಸೇರಿದರೆ ಅಲ್ಲಿನ ಒಂದು ಟನ್, ನಮ್ಮ ಲೆಕ್ಕದಲ್ಲಿ 907 ಕಿಲೋ. ಪ್ರೀಮಿಯಂ ದರ್ಜೆಯಲ್ಲಿ ಬೂದಿ ನೂರಕ್ಕೆ 1ಕ್ಕಿಂತ ಜಾಸ್ತಿ ಇರಬಾರದು. ಹಾಗಿದ್ದರೂ ಟನ್ನಿಗೆ 9 ಕಿಲೋವರೆಗೆ ಬೂದಿ ಬರಬಹುದು, ಅಲ್ವಾ? ಅದೆಲ್ಲ ಟ್ರೇಗೆ ಬೀಳುವುದಿಲ್ಲ. ಒಂದಿಷ್ಟು ಹಾರಿಹೋಗಿ ಹಿಂಬದಿಯ ಹಲಗೆಗಳಾಚೆ, ಫ್ಯಾನಿನ ರೆಕ್ಕೆಗಳ ಮೇಲೆ, ಕೊಳವೆಯ ಬಾಗಿನಲ್ಲಿ ಕೂರುತ್ತದೆ. ಕಣ್ಣಿಗೆ ಬೀಳದ ಈ ಬೂದಿಯೇ ನಿಜವಾದ ತಲೆನೋವು.

ಅದಕ್ಕೇ ಟನ್ನಿಗೊಮ್ಮೆ ಒಳಗಿನ ಇಟ್ಟಿಗೆ ಹಲಗೆ ಬಿಚ್ಚಿ, ಅದರ ಹಿಂದಿನ ದಾರಿಗಳನ್ನು ಉದ್ದನೆಯ ಬ್ರಷ್ ಹಾಕಿ ಗುಡಿಸಿ. ಹಲಗೆಯನ್ನು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಹಿಂದೆ ಅಂಟಿದ ಬೂದಿ ಉದುರುವ ಸದ್ದು ಕೇಳುತ್ತದೆ. ಸದ್ದು ನಿಲ್ಲುವವರೆಗೆ ತಟ್ಟಿ. ಹೊಗೆ ಕೊಳವೆಯ T ಆಕಾರದ ತುಂಡಿನ ಕೆಳಗಿನ ಮುಚ್ಚಳ ತೆಗೆದು ಅಲ್ಲಿ ಕೂತದ್ದನ್ನೂ ತೆಗೆಯಿರಿ.

ಇಲ್ಲೇ ವ್ಯಾಕ್ಯೂಮ್ ಸ್ವಿಚ್ ಬಗ್ಗೆ ಹೇಳಬೇಕು. ಒಳಗೆ ಎಳೆತ ಸರಿಯಾಗಿದೆಯೇ ಎಂದು ನೋಡುವ ಸಣ್ಣ ಸಾಧನ ಇದು. ಒಂದು ರಬ್ಬರ್ ನಳಿಕೆ ಇದನ್ನು ಒಲೆಗೆ ಜೋಡಿಸಿರುತ್ತದೆ. ನಳಿಕೆಯ ಬಾಯಿಗೆ ಬೂದಿ ಕಟ್ಟಿದರೆ ಎಳೆತ ಚೆನ್ನಾಗಿದ್ದರೂ ಸ್ವಿಚ್‌ಗೆ ಗೊತ್ತಾಗುವುದಿಲ್ಲ. ಆಗರ್ ನಿಂತುಹೋಗುತ್ತದೆ. ನಳಿಕೆಯನ್ನು ಸ್ವಿಚ್‌ನಿಂದ ಬಿಡಿಸಿ, ಆಮೇಲೆ ಒಲೆಯ ಕಡೆಗೆ ಜೋರಾಗಿ ಊದಿ. ಬಿಡಿಸದೆ ಊದಿದರೆ ಸ್ವಿಚ್ಚಿನೊಳಗಿನ ತೆಳುಪೊರೆ ಹರಿಯುತ್ತದೆ, ಕ್ಲೀನ್ ಮಾಡಲು ಹೋಗಿ ಹೊಸ ಸ್ವಿಚ್ ತರಬೇಕಾಗುತ್ತದೆ.

ಉರಿ ನೋಡಿ ರೋಗ ಹೇಳಬಹುದು

ಚುರುಕಾಗಿ ಕುಣಿಯುವ ಹೊಳಪಿನ ಹಳದಿ ಉರಿ ಆರೋಗ್ಯದ ಲಕ್ಷಣ. ಗಾಜಿನ ಮೇಲೆ ತಿಳಿ ಬೂದು ಬಣ್ಣದ ಪುಡಿ ಕೂತರೆ ಚಿಂತೆ ಬೇಡ. ಉರಿ ಕೇಸರಿ ಬಣ್ಣಕ್ಕೆ ತಿರುಗಿ, ಎತ್ತರಕ್ಕೆ ಏರಿ, ಸೋಮಾರಿಯಾಗಿ ತೂಗಾಡುತ್ತ ತುದಿಯಲ್ಲಿ ಕಪ್ಪು ಹೊಗೆ ಬಿಡುತ್ತಿದ್ದರೆ, ಗಾಜು ಒಂದೇ ದಿನದಲ್ಲಿ ಮಸಿಯಾದರೆ, ಗಾಳಿ ಸಾಲುತ್ತಿಲ್ಲ ಎಂದೇ ಅರ್ಥ. ಪಾಟಿನ ತೂತು, ಒಳದಾರಿ, ಫ್ಯಾನ್, ಚಿಮಣಿ ಇದೇ ಸಾಲಿನಲ್ಲಿ ಹುಡುಕಿ. ಹಿಮ ಬಿದ್ದ ಮರುದಿನವಾದರೆ ಮೊದಲು ಹೊರಗೆ ಹೋಗಿ ನೋಡಿ. ಗೋಡೆಯಿಂದ ಹೊರಬಂದ ಕೊಳವೆಯ ಬಾಯಿ ಹಿಮದಲ್ಲಿ ಹೂತಿರಬಹುದು.

ನಮ್ಮ ಅಡುಗೆಮನೆಗಳಲ್ಲಿ ಮಾತ್ರ ಜಾಸ್ತಿ ಕಾಣುವ ಕಾರಣವೂ ಒಂದಿದೆ. ಒಗ್ಗರಣೆ ಹಾಕುವಾಗ ಘಾಟು ಹೋಗಲೆಂದು ಎಕ್ಸಾಸ್ಟ್ ಫ್ಯಾನ್ ಜೋರಾಗಿ ಹಾಕುತ್ತೇವೆ. ಚಳಿಗೆಂದು ಸಂದಿಯಿಲ್ಲದಂತೆ ಮುಚ್ಚಿದ ಮನೆಯಲ್ಲಿ ಆ ಫ್ಯಾನ್ ಮನೆಯ ಗಾಳಿಯನ್ನೆಲ್ಲ ಹೊರಗೆ ಎಳೆಯುತ್ತದೆ, ಸ್ಟೋವಿಗೆ ಗಾಳಿ ಕಡಿಮೆಯಾಗುತ್ತದೆ. ಒಗ್ಗರಣೆ ಹೊತ್ತಿಗೇ ಉರಿ ಮಂಕಾಗುತ್ತಿದ್ದರೆ ಸಂಶಯವೇ ಬೇಡ. ಸದ್ಯಕ್ಕೆ ಒಂದು ಕಿಟಕಿ ಬೆರಳಗಲ ತೆರೆಯಿರಿ. ಶಾಶ್ವತ ಪರಿಹಾರವೆಂದರೆ ಸ್ಟೋವಿಗೆ ಹೊರಗಿನಿಂದಲೇ ಗಾಳಿ ತರುವ ಕೊಳವೆ ಹಾಕಿಸುವುದು.

ಬಾಗಿಲಿನ ಸುತ್ತ ಇರುವ ಹಗ್ಗದಂಥ ಗ್ಯಾಸ್ಕೆಟ್ ಸವೆದರೂ ಗಾಳಿ ಅಡ್ಡದಾರಿ ಹಿಡಿಯುತ್ತದೆ. ಒಂದು ನೋಟನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಸಲೀಸಾಗಿ ಬಂದರೆ ಆ ಜಾಗದಲ್ಲಿ ಗ್ಯಾಸ್ಕೆಟ್ ಸಡಿಲ. ಇನ್ನೂ ನಿಖರವಾಗಿ ಬೇಕೆಂದರೆ ಊದುಬತ್ತಿ ಹಚ್ಚಿ. ಸ್ಟೋವ್ ಶುರುವಾಗಿ ಫ್ಯಾನ್ ತಿರುಗುತ್ತಿರುವಾಗ, ಉರಿ ಏಳುವ ಮೊದಲು, ಬಾಗಿಲಿನ ಅಂಚಿನ ಉದ್ದಕ್ಕೂ ಅದನ್ನು ನಿಧಾನವಾಗಿ ಸರಿಸಿ. ಹೊಗೆ ಎಲ್ಲಿ ಒಳಕ್ಕೆ ಎಳೆದುಕೊಳ್ಳುತ್ತದೋ ಅಲ್ಲಿ ಸಂದಿ ಇದೆ.

ಹೊತ್ತಿಕೊಳ್ಳದಿದ್ದರೆ, ಪೆಲೆಟ್ ಬೀಳದಿದ್ದರೆ

ಪಾಟಿನಲ್ಲಿ ಪೆಲೆಟ್ ಇದೆ, ಬೆಂಕಿ ಇಲ್ಲ. ಇಗ್ನೈಟರ್ ಎದುರಿನ ತೂತು ಮುಚ್ಚಿದೆಯೇ ನೋಡಿ. ಅದರ ಬಿಸಿ ಗಾಳಿ ಪೆಲೆಟ್‌ಗೆ ತಲುಪಬೇಕಷ್ಟೇ. ಎಲ್ಲ ಸರಿಯಿದ್ದರೆ ಸಾಮಾನ್ಯವಾಗಿ 5ರಿಂದ 10 ನಿಮಿಷದಲ್ಲಿ ಹೊತ್ತಿಕೊಳ್ಳುತ್ತದೆ. ಸ್ವಚ್ಛ ಮಾಡಿದರೂ ಹೊತ್ತದಿದ್ದರೆ ಪ್ಲಗ್ ಕಿತ್ತು, ಇಗ್ನೈಟರ್ ವೈರ್ ಬಿಡಿಸಿ ಮಲ್ಟಿಮೀಟರ್ ಹಿಡಿಯಿರಿ. 120 ವೋಲ್ಟ್‌ನ 300 ವಾಟ್ ಇಗ್ನೈಟರ್ ಸುಮಾರು 48 ಓಮ್ ತೋರಿಸಬೇಕು. ಮೀಟರ್ ಏನೂ ತೋರಿಸದಿದ್ದರೆ ಇಗ್ನೈಟರ್ ಸುಟ್ಟಿದೆ. ಹೊಸದು ಬರುವವರೆಗೆ, ನಿಮ್ಮ ಮಾಡೆಲ್‌ನ ಕೈಪಿಡಿ ಒಪ್ಪಿದರೆ, ಪೆಲೆಟ್‌ಗೆಂದೇ ಮಾರುವ ಜೆಲ್ ಹಾಕಿ ಕೈಯಿಂದ ಹೊತ್ತಿಸಬಹುದು. ಸೀಮೆಎಣ್ಣೆ, ಪೆಟ್ರೋಲ್ ಹತ್ತಿರಕ್ಕೂ ತರಬೇಡಿ.

ಪೆಲೆಟ್ ಬೀಳುತ್ತಲೇ ಇಲ್ಲವೆಂದರೆ ಹಾಪರ್ ಮುಚ್ಚಳ, ಬಾಗಿಲು ಎರಡೂ ಬಿಗಿಯಾಗಿ ಮುಚ್ಚಿವೆಯೇ ನೋಡಿ. ಎಷ್ಟೋ ಮಾಡೆಲ್‌ಗಳಲ್ಲಿ ಅವು ತೆರೆದಿದ್ದರೆ ಆಗರ್ ತಿರುಗುವುದಿಲ್ಲ. ಆಮೇಲೆ ಹಾಪರಿನೊಳಗೆ ನೋಡಿ. ಕೆಲವೊಮ್ಮೆ ಪೆಲೆಟ್‌ಗಳು ಒಂದಕ್ಕೊಂದು ಕಚ್ಚಿಕೊಂಡು ಕಮಾನು ಕಟ್ಟಿರುತ್ತವೆ, ಕೆಳಗೆ ಟೊಳ್ಳು. ಕೋಲಿನಿಂದ ಕೆದಕಿದರೆ ಕುಸಿಯುತ್ತದೆ. ತಳದಲ್ಲಿ ಹುಡಿ ತುಂಬಿದ್ದರೆ, ಉದ್ದನೆಯ ಪೆಲೆಟ್ ಅಡ್ಡ ಸಿಕ್ಕಿದ್ದರೆ ಆಗರ್ ಸಿಕ್ಕಿಕೊಳ್ಳುತ್ತದೆ. ಪ್ಲಗ್ ಕಿತ್ತು, ಹಾಪರ್ ಖಾಲಿ ಮಾಡಿ, ಹುಡಿ ಎಳೆಯಿರಿ. ಇಷ್ಟಾದ ಮೇಲೂ ಆಗರ್ ಅಲುಗದಿದ್ದರೆ ವ್ಯಾಕ್ಯೂಮ್ ಸ್ವಿಚ್, ಕೊನೆಗೆ ಮೋಟಾರ್.

ವಿಪರೀತ ಬಿಸಿಯಾಗಿ ನಿಂತರೆ ಕೋಣೆಗೆ ಗಾಳಿ ಬಿಡುವ ಫ್ಯಾನಿನಲ್ಲಿ ಧೂಳು, ಕೂದಲು ತುಂಬಿದೆಯೇ ನೋಡಿ. ಕೆಲವು ಮಾಡೆಲ್‌ಗಳಲ್ಲಿ ಹಿಂಬದಿಯಲ್ಲಿ ಒತ್ತಿ ಮರುಹೊಂದಿಸುವ ಸಣ್ಣ ಗುಂಡಿ ಇರುತ್ತದೆ. ಆದರೆ ಕಾರಣ ಗೊತ್ತಾಗದೆ ಸುಮ್ನೆ ಅದನ್ನು ಒತ್ತುತ್ತಾ ಹೋಗಬೇಡಿ. ಯಾವುದೇ ಸುರಕ್ಷತಾ ಸ್ವಿಚ್ಚನ್ನು ವೈರ್ ಹಾಕಿ ದಾಟಿಸುವುದಂತೂ ಬೇಡವೇ ಬೇಡ.

ಮನೆಯೊಳಗೆ ಹೊಗೆ ವಾಸನೆ ಬಂದರೆ ಹುಡುಕುತ್ತ ಕೂರಬೇಡಿ. ಆಫ್ ಮಾಡಿ, ಕಿಟಕಿ ತೆರೆಯಿರಿ. ಫ್ಯಾನ್ ದಾಟಿದ ಮೇಲಿನ ಕೊಳವೆಯಲ್ಲಿ ಹೊಗೆ ಒತ್ತಡದಲ್ಲಿರುತ್ತದೆ. ಅಲ್ಲಿನ ಕೀಲು ಸಡಿಲವಾಗಿದ್ದರೆ ಹೊಗೆ ನೇರ ಕೋಣೆಗೆ ಬರುತ್ತದೆ. ಇದನ್ನು ಚಿಮಣಿ ತಂತ್ರಜ್ಞರೇ ನೋಡಬೇಕು. ಅಲಾರಾಂ ಕೂಗಿದರೆ ಎಲ್ಲರೂ ಹೊರಗೆ ಬಂದು ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ.

ಕರೆಂಟ್ ಮತ್ತು ಪೆಲೆಟ್

ಹಿಮಗಾಳಿ ಬಂದರೆ ಕರೆಂಟ್ ಹೋಗುತ್ತದೆ, ಕರೆಂಟ್ ಇಲ್ಲದೆ ಈ ಸ್ಟೋವ್ ಉರಿಯದು. ಓಡುವಾಗ 100 ವಾಟ್ ಆಸುಪಾಸು, ಹೊತ್ತಿಸುವಾಗ ಇನ್ನೂ 300 ವಾಟ್ ಜಾಸ್ತಿ ಬೇಕು. ಪ್ಯೂರ್ ಸೈನ್ ವೇವ್ (ಮನೆಯ ಕರೆಂಟಿನಂಥದೇ ನಯವಾದ ಕರೆಂಟ್ ಕೊಡುವ) ಯುಪಿಎಸ್ ಒಂದಿದ್ದರೆ ಕನಿಷ್ಠ ಹೊಗೆಯನ್ನೆಲ್ಲ ಹೊರಹಾಕಿ ಸರಿಯಾಗಿ ಆರಲು ಸಮಯ ಸಿಗುತ್ತದೆ.

ಪೆಲೆಟ್ ಒದ್ದೆಯಾದರೆ ಉಬ್ಬಿ ಹುಡಿಯಾಗುತ್ತದೆ, ಮತ್ತೆ ಉಪಯೋಗಕ್ಕೆ ಬಾರದು. ಚೀಲಗಳನ್ನು ನೆಲದಿಂದ ಎತ್ತರಿಸಿ, ಗಾಳಿಯಾಡುವ ಒಣ ಜಾಗದಲ್ಲಿಡಿ. ಪೆಲೆಟ್ ರಾಶಿಯೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಯುರೋಪಿನಲ್ಲಿ ಪೆಲೆಟ್ ತುಂಬಿದ ಮುಚ್ಚಿದ ಕೋಣೆಗಳಿಗೆ ಇಳಿದವರು ಸತ್ತಿದ್ದಾರೆ.

ಚಳಿಗಾಲ ಮುಗಿದ ಮೇಲೆ

ಏಪ್ರಿಲ್‌ನಲ್ಲಿ ಆಫ್ ಮಾಡಿ ಹಾಗೇ ಬಿಟ್ಟುಬಿಡುವವರೇ ಅಕ್ಟೋಬರ್‌ನಲ್ಲಿ ಪೇಚಾಡುವುದು. ಬೇಸಿಗೆಯ ತೇವವನ್ನು ಬೂದಿ ಹೀರಿಕೊಂಡು ಕಬ್ಬಿಣ ತಿನ್ನುತ್ತದೆ. ಆಗರಿನೊಳಗೆ ಉಳಿದ ಪೆಲೆಟ್ ಉಬ್ಬಿ ಗಟ್ಟಿಯಾಗುತ್ತದೆ. ಕೊನೆಯ ದಿನ ಹಾಪರ್ ಖಾಲಿಯಾಗುವವರೆಗೆ ಉರಿಸಿ. ತಣ್ಣಗಾದ ಮೇಲೆ ಟನ್ನಿಗೊಮ್ಮೆ ಮಾಡುವ ಕೆಲಸವನ್ನೆಲ್ಲ ಮಾಡಿ, ಹೊಗೆ ಫ್ಯಾನ್ ಬಿಚ್ಚಿ ರೆಕ್ಕೆಗಳಿಗೆ ಅಂಟಿದ ಮಸಿ ಕೆರೆಯಿರಿ, ಅದರ ಗ್ಯಾಸ್ಕೆಟ್ ಹೊಸದು ಹಾಕಿ. ಚಿಮಣಿಗೆ ಬ್ರಷ್ ಹೊಡೆಸುವುದೂ ಈಗಲೇ ಒಳ್ಳೆಯದು. ಶರತ್ಕಾಲದಲ್ಲಿ ಎಲ್ಲರೂ ಒಟ್ಟಿಗೇ ಕರೆಯುವುದರಿಂದ ತಂತ್ರಜ್ಞರು ಸಿಗುವುದು ಕಷ್ಟ. ಕೊನೆಗೆ ಹೊರಗಿನ ಕೊಳವೆಯ ಬಾಯಿಗೆ ಹಕ್ಕಿ ಗೂಡು ಕಟ್ಟದಂತೆ ಬಟ್ಟೆ ತುರುಕಿ, ಪ್ಲಗ್ ಕಿತ್ತು, "ಬಟ್ಟೆ ತೆಗೆಯದೆ ಹಚ್ಚಬೇಡಿ" ಎಂದು ದೊಡ್ಡದಾಗಿ ಬರೆದ ಚೀಟಿಯನ್ನು ಸ್ಟೋವಿನ ಬಟನ್ ಮೇಲೆಯೇ ಅಂಟಿಸಿ.